ಹೊಂಡದ ಮೇಲಿನ ಒಂದೇ ಎಲೆ

ಕಾಳ್ಗಿಚ್ಚು ಬೆಟ್ಟವನ್ನೆಲ್ಲ ಬೋಳಿಸಿ ಹೋದ ಮೇಲೆ, ಮೊದಲ ಮಳೆಗೆ ಹೊಂಡದ ದಡದ ಕರಕಲು ನೇರಳೆ ಮರ ಒಂದೇ ಒಂದು ಎಲೆ ಬಿಟ್ಟಿತು. ಆ ಬೆಟ್ಟ ಬಿಟ್ಟರೆ ಬೇರೆಲ್ಲೂ ಇಲ್ಲದ ಮರಗಪ್ಪೆಗಳ ಕುಲದಲ್ಲಿ ಬೆರಳೆಣಿಕೆಯಷ್ಟೇ ಉಳಿದಿದ್ದವು. ನೀರಿನ ಮೇಲೆ ಬಾಗಿದ ಎಲೆಗೇ ಮೊಟ್ಟೆ ಅಂಟಿಸುವುದು ಅವುಗಳ ರೂಢಿ. ಮರಿಗಳು ಅಲ್ಲಿಂದಲೇ ನೀರಿಗೆ ಉದುರಬೇಕು. ತಾಯಿ ಕಪ್ಪೆಯೊಂದು ಆ ಎಲೆಯ ತುಂಬ ಮೊಟ್ಟೆಯಿಟ್ಟು ಹಗಲಿರುಳು ಕಾಯುತ್ತಿತ್ತು.

ಇನ್ನೇನು ಮರಿಗಳು ಹೊರಬರಬೇಕು, ಅಷ್ಟರಲ್ಲಿ ಹಸಿದ ಕಡವೆಯೊಂದು ಬಂದು ಎಲೆಯತ್ತ ಮೂತಿ ಚಾಚಿತು.

"ಕಡವೆಯಣ್ಣ, ನಿಲ್ಲು! ಮರಿಗಳು ನೀರಿಗೆ ಬೀಳಲಿ, ಆಮೇಲೆ ಎಲೆ ನಿನ್ನದೇ!" ಎಂದು ಕಪ್ಪೆ ಗಂಟಲು ಹರಿಯುವಂತೆ ಕೂಗಿತು.

"ಬೆಟ್ಟವೆಲ್ಲ ಸುತ್ತಿದರೂ ಸಿಕ್ಕಿದ ಹಸಿರು ಇದೊಂದೇ. ಬೇಗ ಆಗಲಿ," ಎಂದು ಕಡವೆ ಗೊಣಗಿತು.

ಅದರ ಬಿಸಿಯುಸಿರಿಗೆ ಎಲೆ ಅಲುಗಿತು. ಲೋಳೆಯೊಳಗೆ ಏನೋ ಮಿಸುಕಾಡಿತು. ಬುಳಕ್! ಗೊದಮೊಟ್ಟೆಯೊಂದು ನೀರಿಗೆ ಬಿತ್ತು.

"ಬಿತ್ತು!" ಎಂದು ಕಡವೆ ತನಗರಿವಿಲ್ಲದೆ ಕೂಗಿತು. ಬುಳಕ್, ಬುಳಕ್! "ಅಗೋ, ಇನ್ನೊಂದು! ಏ ಪುಟ್ಟಾ, ಹೆದರಬೇಡ, ಹಾರು!" ಎನ್ನುತ್ತ ನಿಂತಲ್ಲೇ ಕುಣಿಯಿತು. ಕಪ್ಪೆಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಕೊನೆಗೆ ಎಲೆ ಬರಿದಾಯಿತು. "ಮಾತು ಕೊಟ್ಟಿದ್ದೇನೆ, ತಿನ್ನಣ್ಣ," ಎಂದು ಕಪ್ಪೆ ಪಕ್ಕಕ್ಕೆ ಸರಿಯಿತು.

ಕಡವೆ ಬಾಯಿ ತೆರೆಯಿತು. ಅಷ್ಟರಲ್ಲಿ ಎಲ್ಲಿಂದಲೋ ಬಂದ ಕೋತಿಯೊಂದು ಮರಕ್ಕೆ ಹಾರಿ ಎಲೆಗೆ ಕೈ ಹಾಕಿತು. ಕಡವೆ ಗೊರಸು ಅಪ್ಪಳಿಸಿ ಗದರಿತು:

"ಏಯ್, ತೆಗೆಯೋ ಕೈ! ಹೆರಿಗೆಮನೆಯನ್ನು ಯಾರಾದರೂ ತಿಂತಾರೇನೋ?"