ಹಗ್ಗಕ್ಕೂ ರಜೆ

“ಗುರುಗಳೇ, ದುಡಿಮೆಯ ದಿನ ಎಚ್ಚರ ಬೇಕು, ಒಪ್ಪಿದೆ. ವಿಹಾರಕ್ಕೆ ಹೊರಟ ದಿನವೂ ಅದನ್ನು ತಲೆಯ ಮೇಲೆ ಹೊತ್ತುಕೊಂಡೇ ತಿರುಗಬೇಕೇ?” ಎಂದು ಶಿಷ್ಯ ಕೇಳಿದ.

ಗುರುಗಳು ಹೇಳಿದರು:

ಒಬ್ಬ ಉಪ್ಪಿನ ವ್ಯಾಪಾರಿ ಇದ್ದ. ಅವನ ಸರಕೆಲ್ಲ ಉದ್ದನೆಯ ದೋಣಿಯಲ್ಲಿ ಕಾಲುವೆಯ ಮೇಲೆ ಸಾಗುತ್ತಿತ್ತು. ಆ ಕಾಲುವೆ ಒಂದು ಕಡೆ ತಟ್ಟನೆ ತಗ್ಗಿಗೆ ಇಳಿಯುತ್ತದೆ. ಅಲ್ಲೊಂದು ಕಲ್ಲಿನ ತೊಟ್ಟಿ. ಅದಕ್ಕೆ ಹಿಂದೊಂದು ಮುಂದೊಂದು ಕದ. ದೋಣಿಯನ್ನು ತೊಟ್ಟಿಯೊಳಗೆ ತಂದು, ಹಿಂದಿನ ಕದ ಮುಚ್ಚಿ, ಮುಂದಿನ ತೂಬು ತೆಗೆಯಬೇಕು. ನೀರು ಇಳಿದಂತೆ ದೋಣಿಯೂ ಎರಡಾಳು ಆಳಕ್ಕೆ ಇಳಿಯುತ್ತದೆ. ಅಷ್ಟು ಹೊತ್ತೂ ಒಬ್ಬ ದಡದಲ್ಲಿ ಹಗ್ಗ ಹಿಡಿದು ನಿಂತು, ಸ್ವಲ್ಪಸ್ವಲ್ಪವೇ ಸಡಿಲ ಬಿಡುತ್ತಿರಬೇಕು. ಕಟ್ಟಿದರೆ ದೋಣಿ ಹಗ್ಗಕ್ಕೆ ನೇತುಬೀಳುತ್ತದೆ. ಒಮ್ಮೆ ಒಬ್ಬ ಅಂಬಿಗ ಹಗ್ಗವನ್ನು ಗೂಟಕ್ಕೆ ಸುತ್ತಿ ಬೀಡಿ ಹಚ್ಚಿದ. ವ್ಯಾಪಾರಿ ಅವನನ್ನು ಅಲ್ಲಿಯೇ ಕೆಲಸದಿಂದ ಬಿಡಿಸಿದ. “ನೀರಿಗೆ ಬಿದ್ದ ಉಪ್ಪನ್ನು ಯಾವನಪ್ಪ ತೆಗೆದುಕೊಡುತ್ತಾನೆ?” ಎಂದ.

ಅವನ ಹೆಂಡತಿ ಒಂದು ದಿನ, “ಆಯುಷ್ಯವೆಲ್ಲ ಉಪ್ಪಿನ ಮೂಟೆಗಳಿಗೇ ಆಯಿತು ದೋಣಿಯ ಭಾಗ್ಯ. ನಾನೂ ಒಂದು ಮೂಟೆ ಅಂದುಕೊಂಡು ಹತ್ತಿಸಿ ನೋಡೋಣ” ಎಂದಳು. ವ್ಯಾಪಾರಿ ನಕ್ಕ. ದೋಣಿ ಖಾಲಿ ಮಾಡಿಸಿ, ಜಮಖಾನ ಹಾಸಿಸಿ, ಅವಳನ್ನು ಕೂರಿಸಿಕೊಂಡು ಹೊರಟ. ತಲುಪಬೇಕಾದ ಊರೆಂಬುದಿರಲಿಲ್ಲ. ಹೊಸ ಅಂಬಿಗ ದೋಣಿ ನೂಕುವ ಗಳ ಊರುವುದನ್ನು ಮರೆತು ಹಾಡಿದರೂ ಯಾರೂ ಗದರಲಿಲ್ಲ. ಅವಳು ಬಾತುಕೋಳಿಗಳಿಗೆ ಪುರಿ ಎರಚಿದಳು.

ಊಟದ ಹೊತ್ತಿಗೆ ತೊಟ್ಟಿ ಬಂತು. ಅಂಬಿಗ ಕದ ಮುಚ್ಚಿ ತೂಬಿನತ್ತ ನಡೆದ. ವ್ಯಾಪಾರಿ ಹಗ್ಗ ಹಿಡಿದು ದಡಕ್ಕೆ ಹತ್ತಿದ. ದೋಣಿಯಲ್ಲಿದ್ದ ಹೆಂಡತಿ ಬುತ್ತಿ ಬಿಚ್ಚಿ, ಎಲೆಗೆ ಬಡಿಸಿ, ಮೇಲಕ್ಕೆ ನೀಡಿದಳು.

“ಇವತ್ತೂ ಬಿಡಲ್ವಲ್ಲ ಆ ಹಗ್ಗಾನ! ಅದನ್ನೇ ಕಟ್ಟಿಕೊಳ್ಳಬೇಕಾಗಿತ್ತು ನೀವು.”

“ಆಯ್ತು ಮಾರಾಯ್ತಿ, ಇವತ್ತು ಹಗ್ಗಕ್ಕೂ ರಜೆ.”

ಅವನು ಹಗ್ಗವನ್ನು ಗೂಟಕ್ಕೆ ಬಿಗಿದ. ಕೈಗೆ ಬಂದದ್ದು ಮೂಟೆಗೆ ಹಾಕುವ ಗಂಟು, ಜಗ್ಗಿದಷ್ಟೂ ಬಿಗಿಯುವಂಥದು. ಅಲ್ಲೇ ಕೂತು ಅನ್ನ ಕಲಸಿದ.

ನೀರು ಇಳಿಯಿತು. ಅವಳು ಇಳಿಯಲಿಲ್ಲ.

ಮೊದಲು ನೀರಿನ ಗಿಂಡಿ ಉರುಳಿತು. ಅವಳು ನಕ್ಕಳು. ಆಮೇಲೆ ದೋಣಿಯ ಒಂದು ಮಗ್ಗುಲು ಮೇಲೆದ್ದಿತು. ಜಮಖಾನದ ಸಮೇತ ಅವಳು ಜಾರಿ ಕೆಳಗಿನ ನೀರಿಗೆ ಬಿದ್ದಳು. ವ್ಯಾಪಾರಿ ಗಂಟಿಗೆ ಉಗುರು ಹಾಕಿದ, ಹಲ್ಲು ಹಾಕಿದ. ಗಂಟು ಬಿಡಲಿಲ್ಲ. ಹಗ್ಗವೇ ಹರಿಯಿತು. ದೋಣಿ ಅವಳ ಮೇಲೆಯೇ ಬಿತ್ತು.

ಶಿಷ್ಯ ಕೇಳಿದ: “ಇನ್ನೊಬ್ಬ ಕಟ್ಟಿದ್ದಕ್ಕೇ ಅನ್ನ ಕಿತ್ತುಕೊಂಡವನು ಅವನು! ಅವನೇ ಹೇಗೆ ಕಟ್ಟಿದ, ಗುರುಗಳೇ?”

ಗುರುಗಳು ಹೇಳಿದರು: “ಅಂದು ದೋಣಿಯಲ್ಲಿ ಸರಕಿರಲಿಲ್ಲ.”