ಕಾಲು ಮುಂದಾಗಿ ಬಂದ ಚೂನಪ್ಪ

ಯಾವ ಕಾಲ ಅಂತ ಕೇಳಬೇಡಿ. ನನಗೂ ಗೊತ್ತಿಲ್ಲ, ನನಗೆ ಹೇಳಿದ ನಮ್ಮವ್ವನಿಗೂ ಗೊತ್ತಿರಲಿಲ್ಲ. ಬಹಳ ಹಿಂದೆ, ಒಂದೂರಲ್ಲಿ ಅಂತ ಇಟ್ಟುಕೊಳ್ಳಿ. ಕರೆಂಟು ಊರಿಗೆ ಬಂದಿತ್ತು, ಅದರ ಭಯ ಇನ್ನೂ ಹೋಗಿರಲಿಲ್ಲ, ಅಷ್ಟು ಹಿಂದೆ. ಊರಿನ ಹೆಸರು ನೂಲಹಾಳ. ದೊಡ್ಡ ಓಣಿಯ ಉದ್ದಕ್ಕೂ ಮಗ್ಗದ ಶೆಡ್ಡು, ಬೆಳಗಿನಿಂದ ಸಂಜೆಯವರೆಗೂ ಖಟಖಟ. ಆ ಊರಲ್ಲಿ ಚೂನಪ್ಪ ಅಂತ ಒಬ್ಬ ಮಗ್ಗ ರಿಪೇರಿಯವನಿದ್ದ. ಎಂಥ ಕೆಟ್ಟ ಮಗ್ಗವಾದರೂ ಅವನ ಕೈ ಸೋಕಿದರೆ ಸಾಕು, ಓಡುತ್ತಿತ್ತಂತೆ. ಸ್ವಲ್ಪ ಸುಳ್ಳು ಇದ್ದೀತು. ಆದರೆ ಹಾಗಂತಾರೆ.

ಒಂದು ದಿನ ನೂಲು ಸುತ್ತಿದ ಬೀಮು, ನಾಲ್ಕು ಜನ ಎತ್ತುವಂಥ ಉರುಳೆ, ಕೈಜಾರಿ ಅವನ ಬೆನ್ನ ಮೇಲೆ ಬಿತ್ತು. ಆರು ತಿಂಗಳು ಹಾಸಿಗೆ ಹಿಡಿದ. ಎದ್ದಾಗ ಕೈ ನೆಟ್ಟಗಿದ್ದವು, ಕಾಲು ನೆಟ್ಟಗಿದ್ದವು, ಕೂರುವುದು ಮಾತ್ರ ಹೋಗಿತ್ತು. ಕೂತರೆ ಬೆನ್ನಲ್ಲಿ ಬೆಂಕಿ. ನಿಂತರೆ ಇಪ್ಪತ್ತು ಎಣಿಸುವಷ್ಟರಲ್ಲಿ ಕಣ್ಣಿಗೆ ಕತ್ತಲೆ. ಮಲಗಿದರೆ ಏನೂ ಇಲ್ಲ, ಆರಾಮ. ಮಗ್ಗದ ಕೆಳಗೆ ಮಲಗಿಯೇ ಮಾಡುವ ಕೆಲಸ ಅವನದು, ಮಾಡಬಲ್ಲ. ಆದರೆ ಮಗ್ಗದವರೆಗೆ ಹೋಗುವುದು ಹೇಗೆ? ಎತ್ತಿನ ಗಾಡಿಯಲ್ಲಿ ಹಾಕಿಕೊಂಡು ಹೋಗುತ್ತೇವೆ ಎಂದರು ಜನ. ನಾನೇನು ಹೊಟ್ಟಿನ ಚೀಲವೇ ಎಂದನಂತೆ ಚೂನಪ್ಪ. ಮಲಗಿದವನೇ ನಡೆಸುವ ಗಾಡಿ ಮಾಡುತ್ತೇನೆ ಎಂದ.

ಮೂರು ಸಲ ಕಟ್ಟಿದ ಅಂತಾರೆ. ಮೊದಲನೆಯದನ್ನು ಹಳೇ ಮಂಚದ ಕಬ್ಬಿಣ ಕೊಯ್ದು ಕಟ್ಟಿದ, ಅದು ಮನೆ ಮುಂದೆಯೇ ನಡು ಮುರಿದುಕೊಂಡಿತು. ಎರಡನೆಯದಕ್ಕೆ ಹಿಂದೆ ದೊಡ್ಡ ಚಕ್ರ ಹಾಕಿದ, ಅದು ತಿರುವಿನಲ್ಲಿ ಮಗುಚಿ ಅವನನ್ನು ತಿಪ್ಪೆಗೆ ಒಗೆಯಿತು. ಹೆಂಡತಿ ಸತ್ಯವ್ವ ತಲೆಯಿಂದ ಕಾಲಿನವರೆಗೆ ತೊಳೆದು, ಇನ್ನೊಂದು ಸಲ ನೋಡೋಣ ಎಂದಳಂತೆ. ಅಂಥ ಹೆಂಗಸು. ಅವನು ಮಗ್ಗುಲಾಗಿ ಮಲಗಿ ವೆಲ್ಡಿಂಗ್ ಮಾಡುತ್ತಿದ್ದ, ಅವಳು ಮುಖ ಆಚೆ ತಿರುಗಿಸಿ ಪೈಪು ಹಿಡಿಯುತ್ತಿದ್ದಳು.

ಮೂರನೆಯದು ನಿಂತಿತು. ಚಿಕ್ಕ ಮಕ್ಕಳ ಸೈಕಲ್ಲಿನ ಮೂರು ಚಕ್ರ, ಮುಂದೆ ಎರಡು, ಹಿಂದೆ ಒಂದು. ನೆಲದಿಂದ ಒಂದೇ ಗೇಣು ಮೇಲೆ, ಮಂಚದ ನವಾರಪಟ್ಟಿ ಹೆಣೆದ ಹಾಸು. ತಲೆಗೊಂದು ಆನಿಕೆ, ಬೇಕಾದಾಗ ಬಿಚ್ಚುವಂಥದ್ದು. ಕಾಲ ಕಡೆಗೆ ಉದ್ದ ಕಂಬಿ, ಕಂಬಿಯ ತುದಿಗೆ ಪೆಡಲು, ಅಲ್ಲಿಂದ ಹಿಂದಿನ ಚಕ್ರಕ್ಕೆ ಮೂರು ಸೈಕಲ್ ಚೈನು ಸೇರಿಸಿದ ಒಂದೇ ಚೈನು. ಸೊಂಟದ ಎರಡೂ ಪಕ್ಕ ಹಿಡಿಕೆ, ತಿರುಗಿಸುವುದಕ್ಕೆ. ಹಾಸಿನ ಬುಡದಲ್ಲಿ ಟ್ರ್ಯಾಕ್ಟರಿನ ಹಳೇ ಬ್ಯಾಟರಿ ಎರಡು, ಹಿಂದೆ ಗುಜರಿಯಲ್ಲಿ ಸಿಕ್ಕ ಯಾವುದೋ ಬ್ಯಾಟರಿ ಗಾಡಿಯ ಮೋಟರು. ತುಳಿದರೂ ಓಡುತ್ತಿತ್ತು, ತುಳಿಯದೆ ಗುಂಡಿ ಒತ್ತಿದರೂ ಓಡುತ್ತಿತ್ತು. ಸದ್ದಿಲ್ಲ, ಹೊಗೆಯಿಲ್ಲ.

ಊರವರು ನೋಡಿದರು. ನೋಡಿ ಬಾಗಿಲು ಮುಂದೆ ಮಾಡಿಕೊಂಡರು.

ಯಾಕೆ ಅಂತ ಕೇಳಿ. ಕೆಲವರಲ್ಲಿ ಹೆಣವನ್ನು ಕೂರಿಸಿ ಒಯ್ಯುತ್ತಾರೆ. ನೂಲಹಾಳದ ನೇಕಾರರಲ್ಲಿ ಅಂಗಾತ ಮಲಗಿಸಿ, ಕಾಲು ಮುಂದೆ ಮಾಡಿ, ಅಗಸಿ, ಅಂದರೆ ಊರಬಾಗಿಲು, ದಾಟಿಸುತ್ತಿದ್ದರು. ಚೂನಪ್ಪ ಬರುತ್ತಿದ್ದುದೂ ಹಾಗೆಯೇ: ಅಂಗಾತ, ಕಾಲು ಮುಂದೆ, ಸದ್ದಿಲ್ಲದೆ. ಅದೇ ವಾರ ಊರಲ್ಲಿ ಒಬ್ಬ ಮುದುಕ ಸತ್ತ. ಅವನು ಒಂದು ವರ್ಷದಿಂದ ಸಾಯುತ್ತಲೇ ಇದ್ದ, ಆ ಮಾತು ಬೇರೆ. ಒಂದು ಎಮ್ಮೆಯೂ ಸತ್ತಿತು. ಸಾಕಾಯಿತಲ್ಲ ಜನಕ್ಕೆ? ಜೀವಂತ ಹೆಣ ಊರು ಸುತ್ತುತ್ತಿದೆ ಎಂದರು. ನನಗೆ ಇವತ್ತಿಗೂ ಇದನ್ನು ಹೇಳುವಾಗ ಸಿಟ್ಟು ಬರುತ್ತದೆ.

ಪಂಚರು ಸೇರಿದರು. ಹಿರಿಯ ಭೀಮನಗೌಡ ಕೆಟ್ಟವನಲ್ಲ, ಆದರೆ ಹತ್ತು ಜನ ಒಂದೇ ಮಾತು ಆಡಿದರೆ ಹನ್ನೊಂದನೆಯವನಾಗಿ ತಲೆಯಾಡಿಸುವವನು.

"ಚೂನಪ್ಪಾ, ಹಗಿ ಸಾಧಿಸಾಕ ಹೇಳಾಕತ್ತಿಲ್ಲೋ ತಮ್ಮಾ," ಎಂದನಂತೆ. "ಕಾಲ ಮುಂದ ಮಾಡ್ಕೊಂಡ ಅಗಸಿ ದಾಟೂದು ಹೆಣಾ. ನೀ ಸುಡಗಾಡ ಹಾದಿ ಹಿಡಿ."

"ಜೀವಂತ ಅದೀನಿ ಅಂತ ಯಾರ ಸಹಿ ತರ್ಲಿ ಗೌಡ್ರ?" ಎಂದ ಚೂನಪ್ಪ.

ಅಂದಿನಿಂದ ಅಗಸಿಯೂ ಅದರೊಳಗಿನ ದೊಡ್ಡ ಓಣಿಯೂ ಅವನಿಗೆ ಬಂದ್. ಮಗ್ಗಗಳೆಲ್ಲ ಇದ್ದದ್ದು ದೊಡ್ಡ ಓಣಿಯಲ್ಲೇ, ಹಾಗಾಗಿ ಊರೊಳಗಿನ ಕೆಲಸವೂ ಬಂದ್. ಊರ ಹಿಂದಿನ ಸುಡುಗಾಡಿನ ದಾರಿ ಹಿಡಿದು, ಪಕ್ಕದ ಹಳ್ಳಿಗಳಿಗೆ ಹೋಗಿ ಅಷ್ಟೋ ಇಷ್ಟೋ ದುಡಿದು ತರುತ್ತಿದ್ದ. ಸಾಲದಾದಾಗ ಸತ್ಯವ್ವ ಭೀಮನಗೌಡನ ಶೆಡ್ಡಿಗೇ ಕಂಡಿಕೆಗೆ ನೂಲು ಸುತ್ತಲು ಹೋದಳು. ಚೂನಪ್ಪ ಹಣಕ್ಕೆ ಅಳಲಿಲ್ಲ ಅಂತಾರೆ. ನಾನು ಬದುಕಿದ್ದೇನೆ, ಬದುಕಿದ್ದವರ ದಾರಿಯಲ್ಲಿ ಹೋಗಬೇಕು, ಅಷ್ಟೇ ಎನ್ನುತ್ತಿದ್ದನಂತೆ. ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಹೀಗಿರುವಾಗ ರೋಹಿಣಿ ಮಳೆ ಬಂತು. ಮಧ್ಯಾಹ್ನ ಊಟದ ಹೊತ್ತಿಗೆ ಎದ್ದ ಗಾಳಿ ಭೀಮನಗೌಡನ ಶೆಡ್ಡಿನ ಮುಂದಿನ ಕಂಬವನ್ನು ಮುರಿಯಿತು. ಕರೆಂಟಿನ ಒಂದು ತಂತಿ ಶೆಡ್ಡಿನ ತಗಡಿನ ಮೇಲೆ ಬಿದ್ದು, ತುದಿ ಓಣಿಯ ನೀರಲ್ಲಿ ಮುಳುಗಿತು. ತಗಡಿನ ಗೋಡೆ ಸೋಕಿದ ಒಂದು ಆಡು ಕೂಗದೆ ಸತ್ತು ಬಿತ್ತು. ಆಗಿನ ಕರೆಂಟು ತಾನಾಗಿ ನಿಲ್ಲುವಂಥದ್ದಲ್ಲ. ಊರಿಗೆ ಕರೆಂಟು ಬಿಡುವ ಠಾಣೆ ಎಂಟು ಮೈಲಿ ದೂರ.

ಒಳಗೆ ಒಂಬತ್ತು ಹೆಂಗಸರಿದ್ದರು. ನಮ್ಮಜ್ಜಿಯೂ ಇದ್ದಳಂತೆ. ಊರಲ್ಲಿ ಯಾರನ್ನು ಕೇಳಿದರೂ ತಮ್ಮಜ್ಜಿ ಒಳಗಿದ್ದಳು ಅನ್ನುತ್ತಾರೆ, ಹಾಗೆ ನೋಡಿದರೆ ಮುನ್ನೂರು ಜನ ಇರಬೇಕು. ಸತ್ಯವ್ವ ಇದ್ದದ್ದು ನಿಜ, ಭೀಮನಗೌಡನ ಮಗಳು ಇದ್ದದ್ದೂ ನಿಜ. ತಗಡಿನ ಬಾಗಿಲು ಮುಟ್ಟುವಂತಿಲ್ಲ, ಬಾಗಿಲ ಕೆಳಗಿನಿಂದ ನೀರು ಒಳಗೆ ಬರುತ್ತಿದೆ. ಸತ್ಯವ್ವ ಎಲ್ಲರನ್ನೂ ನೂಲಿನ ಗಂಟುಗಳ ಮೇಲೆ ಹತ್ತಿಸಿದಳು. ಆದರೆ ನೂಲು ಸುಮ್ಮನಿರುತ್ತದೆಯೇ? ಕೆಳಗಿನಿಂದ ನೀರು ಕುಡಿಯತೊಡಗಿತು. ಒಂದು ಗೇಣು ಒದ್ದೆಯಾಯಿತು, ಆಮೇಲೆ ಎರಡು ಗೇಣು. ಹೆಂಗಸರು ಸೀರೆ ಮೇಲೆತ್ತಿಕೊಂಡು, ಒಬ್ಬರನ್ನೊಬ್ಬರು ಹಿಡಿದುಕೊಂಡು, ಆ ಒದ್ದೆ ಮೇಲೇರುವುದನ್ನು ನೋಡುತ್ತ ನಿಂತರು.

ಊರಲ್ಲೇ ಕರೆಂಟು ಕಡಿಯುವ ಒಂದೇ ಹಿಡಿಕೆ ಇದ್ದದ್ದು ಶೆಡ್ಡಿನ ಹಿಂದಿನ ಕಂಬದಲ್ಲಿ. ಮುಂದಿನಿಂದ ಹೋಗುವಂತಿಲ್ಲ, ಓಣಿಯ ನೀರೆಲ್ಲ ಸಾವು. ಹಿಂದಿನಿಂದ ಸುಡುಗಾಡಿನ ದಾರಿಯಲ್ಲಿ ಹೋಗಬೇಕು. ಭೀಮನಗೌಡ ಊರು ಬಳಸಿ ಆ ದಾರಿಗೆ ಓಡಿದ, ಹಿಂದೆ ಹತ್ತು ಗಂಡಸರು ಓಡಿದರು. ನೋಡಿದರೆ ಅಲ್ಲಿಯೂ ಇನ್ನೊಂದು ತಂತಿ ದಾರಿಗೆ ಅಡ್ಡಲಾಗಿ ಜೋತುಬಿದ್ದಿದೆ. ಎರಡೂ ಕಡೆ ಮುಳ್ಳುಜಾಲಿ. ತಂತಿಯ ತುದಿ ಬೇಲಿಯ ಬುಡದ ಕೆಸರಿನಲ್ಲಿ ಚಿಟಿಚಿಟಿ ಅನ್ನುತ್ತಿದೆ. ದಾಟುವಂತಿಲ್ಲ, ಕೆಸರಿನಲ್ಲಿ ತೆವಳುವಂತೆಯೂ ಇಲ್ಲ. ಕಂಬ ಇಪ್ಪತ್ತು ಹೆಜ್ಜೆ ಆಚೆ, ಕಣ್ಣೆದುರಿಗೇ ಇದೆ.

ಅದೇ ಹೊತ್ತಿಗೆ ಪಕ್ಕದ ಹಳ್ಳಿಯಿಂದ ಅದೇ ದಾರಿಯಲ್ಲಿ ಚೂನಪ್ಪ ಬಂದ. ಬೇರೆ ದಾರಿ ಅವನಿಗೆ ಎಲ್ಲಿತ್ತು?

"ಚೂನಪ್ಪಾ, ನನ್ನ ಮಗಳು ಒಳಗದಾಳೋ," ಎಂದ ಗೌಡ.

"ನನ್ನ ಹೇಣ್ತಿನೂ ಅದಾಳ್ರಿ. ತಂತಿ ನೆಲದಿಂದ ಎಷ್ಟ ಎತ್ತರ ಐತಿ, ನೋಡಿ ಹೇಳ್ರಿ."

"ಒಂದ ಮೊಳ, ಅದರ ಮ್ಯಾಲೊಂದ ಗೇಣ."

ಚೂನಪ್ಪ ಲೆಕ್ಕ ಹಾಕಿದ. ಚಕ್ರ ರಬ್ಬರಿನದು, ಕೆಸರಿನ ಮೇಲೆ ಗಾಡಿ ಹಾಯುತ್ತದೆ. ತಲೆಯ ಆನಿಕೆ ಬಿಚ್ಚಿ ಪೂರ್ತಿ ಅಂಗಾತ ಮಲಗಿದರೆ ಅವನೂ ಹಾಯುತ್ತಾನೆ. ಆದರೆ ತುಳಿಯುವಂತಿಲ್ಲ, ಮೊಣಕಾಲು ಮೇಲೆದ್ದರೆ ತಂತಿಗೆ ತಾಗುತ್ತದೆ. ಮೋಟರೇ ಒಯ್ಯಬೇಕು. ಮೋಟರೋ, ಬೆಳಗಿನಿಂದ ಓಡಿ ಸೋತಿತ್ತು, ಗಾಡಿಯ ಪುಟ್ಟ ಬಲ್ಬು ಕೆಂಪಗೆ ಮಿಣುಕುತ್ತಿತ್ತು. ಇನ್ನೊಂದು ಭಯವೂ ಇತ್ತು. ಕಾಲಿಗೆ ತನ್ನದೇ ಬುದ್ಧಿ, ಗಾಬರಿಯಾದರೆ ಅದು ತಾನಾಗಿ ಮಡಚಿಕೊಳ್ಳುತ್ತದೆ.

ಹಾಸಿನಿಂದ ನವಾರದ ಒಂದು ಪಟ್ಟಿ ಬಿಚ್ಚಿ ಗೌಡನ ಕೈಗೆ ಕೊಟ್ಟ. ಕಾಲು ಎರಡನ್ನೂ ಕಂಬಿಯ ಮೇಲೆ ಜೋಡಿಸಿ, ಹೆಬ್ಬೆರಳು ಸೇರಿಸಿ ಬಿಗಿಯಾಗಿ ಕಟ್ಟಿರಿ ಎಂದ.

ಹೆಬ್ಬೆರಳು ಸೇರಿಸಿ ಕಟ್ಟುವುದು ಯಾರಿಗೆ ಅಂತ ನಿಮಗೆ ಗೊತ್ತು. ಭೀಮನಗೌಡನಿಗೂ ಗೊತ್ತಿತ್ತು. ಎರಡು ಸಲ ಗಂಟು ಜಾರಿತಂತೆ. ಮೂರನೆಯ ಸಲ ಕಟ್ಟಿದ. ಚೂನಪ್ಪ ಕೈಗಳನ್ನು ಪಕ್ಕಕ್ಕೆ ಇಳಿಬಿಟ್ಟ, ಬಾಯಿ ಮುಚ್ಚಿದ. ಹೆಣಕ್ಕೆ ಮಾಡುವುದನ್ನೆಲ್ಲ ಅವನಿಗೆ ಮಾಡಿದಂತಾಯಿತು. ಆಮೇಲೆ ಗುಂಡಿ ಒತ್ತಿದ.

ಗಾಡಿ ಹೊರಟಿತು. ಬೆರಳುಗಳು ತಂತಿಯ ಕೆಳಗೆ ಹೋದವು. ಮೊಣಕಾಲು ಹೋಯಿತು. ಹೊಟ್ಟೆ ಹೋಯಿತು. ಎದೆ ಹೋಗುವ ಹೊತ್ತಿಗೆ ಮೋಟರು ಗೊಂಯ್ ಎಂದು ಇಳಿದು ನಿಂತೇಹೋಯಿತು. ತಂತಿ ಸರಿಯಾಗಿ ಅವನ ಕುತ್ತಿಗೆಯ ಮೇಲೆ.

ಬ್ಯಾಟರಿ ಸೋತಾಗ ಸ್ವಲ್ಪ ಬಿಟ್ಟರೆ ಇನ್ನೊಂದು ಗುಟುಕು ಕೊಡುತ್ತದೆ. ಅದು ಚೂನಪ್ಪನಿಗೆ ಗೊತ್ತಿತ್ತು, ಅಲ್ಲಿ ನಿಂತಿದ್ದ ಬೇರೆ ಯಾರಿಗೂ ಗೊತ್ತಿರಲಿಲ್ಲ. ಅವನು ಕಣ್ಣು ಮುಚ್ಚಿಕೊಂಡು ಕಾದ. ಚೂನಪ್ಪಾ ಎಂದು ಕೂಗಿದರು, ಉತ್ತರವಿಲ್ಲ. ಮತ್ತೆ ಕೂಗಿದರು. ಬಾಯಿ ತೆರೆದರೆ ಗದ್ದ ಎದ್ದೀತು ಎಂದು ಅವನು ಉಸಿರನ್ನೂ ಸಣ್ಣಗೆ ಮಾಡಿಕೊಂಡಿದ್ದ. ಹೋದ ಎಂದು ಒಬ್ಬ ಅತ್ತ. ಶೆಡ್ಡಿನಿಂದ ಹೆಂಗಸರ ಕೂಗು ಕೇಳುತ್ತಿತ್ತು, ನೂಲು ಒಂದೂವರೆ ಮೊಳ ತೊಯ್ದಿದೆ ಎಂದು.

ಆಗ ಸಾವು ಖುದ್ದು ಅಲ್ಲಿಗೆ ಬಂದಿತ್ತು ಅಂತಾರೆ. ಬಂದು ನೋಡಿತಂತೆ, ಅಂಗಾತ ಮಲಗಿದ್ದಾನೆ, ಹೆಬ್ಬೆರಳು ಕಟ್ಟಿದೆ, ಕಣ್ಣು ಮುಚ್ಚಿದೆ. ಇವನ ಕೆಲಸ ಆಗಿಹೋಗಿದೆ ಎಂದು ದಾಟಿ ಹೋಯಿತಂತೆ. ನಮ್ಮವ್ವ ಇದನ್ನು ನಂಬಿದ್ದಳು. ನಾನು ಬ್ಯಾಟರಿಯನ್ನು ನಂಬುತ್ತೇನೆ.

ಚೂನಪ್ಪ ಮನಸ್ಸಿನಲ್ಲೇ ಇನ್ನೂರು ಎಳೆ ಎಣಿಸಿ ಗುಂಡಿ ಒತ್ತಿದ. ಚಕ್ರ ಅರ್ಧ ಸುತ್ತಿತು, ಒಂದು ಸುತ್ತಿತು. ಮೂಗು ಹೋಯಿತು, ಹಣೆ ಹೋಯಿತು, ಹಿಂದಿನ ಚಕ್ರವೂ ಹೋಯಿತು. ಕಂಬದ ಬುಡಕ್ಕೆ ಬಂದು ಗಾಡಿ ಸತ್ತಿತು.

ನೂಲು ಕತ್ತರಿಸುವ ಸಣ್ಣ ಕತ್ತರಿ ಸೊಂಟದಲ್ಲಿತ್ತು. ಬೆನ್ನು ಬಗ್ಗಿಸಿ, ಹಲ್ಲು ಕಚ್ಚಿ, ಕಾಲಿನ ಪಟ್ಟಿ ಕಡಿದ. ಸಾಮಾನಿನ ಚೀಲದಿಂದ ಮಗ್ಗದ ಒಣಗಿದ ಕಟ್ಟಿಗೆ ತೆಗೆದು ಎದ್ದು ನಿಂತ. ಒಂದು, ಎರಡು, ಮೂರು. ಹಿಡಿಕೆ ತುಕ್ಕು ಹಿಡಿದಿತ್ತು. ಕಟ್ಟಿಗೆ ಸಿಗಿಸಿ ಎಳೆದ, ಬರಲಿಲ್ಲ. ಹತ್ತು, ಹನ್ನೊಂದು. ಮತ್ತೆ ಎಳೆದ, ಅಲುಗಿತು. ಹದಿನೆಂಟಕ್ಕೆ ಕಣ್ಣಿಗೆ ಕತ್ತಲೆ ಬಂತು. ಆಗ ಅವನು ಎರಡೂ ಕಾಲು ಎತ್ತಿ, ಆ ಮುರಿದ ಬೆನ್ನಿನ ಇಡೀ ಭಾರ ಹಾಕಿ ಕಟ್ಟಿಗೆಗೆ ಜೋತುಬಿದ್ದ. ಹಿಡಿಕೆ ಖಟ್ ಎಂದು ಕೆಳಗೆ ಬಂತು, ಅವನೂ ಅದರ ಜೊತೆಗೇ ಬಿದ್ದ. ಕೆಸರಿನ ಚಿಟಿಚಿಟಿ ನಿಂತಿತು.

ಒಂಬತ್ತೂ ಜನ ಹೊರಗೆ ಬಂದರು. ಸತ್ಯವ್ವ ಓಡಿ ಬಂದು ಅವನ ತಲೆ ಎತ್ತಿ ತೊಡೆಯ ಮೇಲೆ ಇಟ್ಟುಕೊಂಡಳು.

"ಮುಂಜಾನಿ ಬುತ್ತಿ ಮರತ ಹೋಗೀರಿ, ಈಗ ಇಲ್ಲಿ ಸಾಯಾಕ ಬಂದೀರೇನ?" ಎಂದು ಬೈದಳು, ಬೈಯುತ್ತಲೇ ಅತ್ತಳು.

ಚೂನಪ್ಪನಿಗೆ ಏಳಲಾಗಲಿಲ್ಲ. ಅವನನ್ನು ಎತ್ತಿ ಗಾಡಿಯ ಮೇಲೆ ಮಲಗಿಸಿದರು. ಬ್ಯಾಟರಿಯಲ್ಲಿ ಹನಿ ಕರೆಂಟಿಲ್ಲ, ಕೆಸರಲ್ಲಿ ತಳ್ಳಿದರೆ ಬೆನ್ನಿಗೆ ಪೆಟ್ಟು. ಹೊರಬೇಕು. ಭೀಮನಗೌಡ ಮೊದಲು ಹೆಗಲು ಕೊಟ್ಟ, ಮೂವರು ಬಂದರು. ಹಿಂದಿನ ದಾರಿ ಹತ್ತಿರ ಎಂದ ಯಾರೋ. ಗೌಡ ಕೇಳಿಸಿಕೊಳ್ಳಲಿಲ್ಲ, ಅಗಸಿಯ ಕಡೆ ತಿರುಗಿದ.

ಹೀಗೆ ನಾಲ್ಕು ಹೆಗಲ ಮೇಲೆ, ಅಂಗಾತ, ಕಾಲು ಮುಂದಾಗಿ, ಚೂನಪ್ಪ ಬದುಕಿದ್ದವರ ದಾರಿಗೆ ಬಂದ. ಸತ್ತೇಹೋದನೋ ಏನೋ ಎಂದು ಜನಕ್ಕೆ ಗೊತ್ತಾಗಲಿಲ್ಲ. ಮೊದಲ ಮನೆಯ ಮುದುಕಿ ತಾಯವ್ವ ರೂಢಿಯಂತೆ ಬಾಗಿಲು ಮುಂದೆ ಮಾಡಲು ಹೋದವಳು, ಕೈ ತಡೆದು, ಹೊಸ್ತಿಲಿಗೆ ಬಂದು ಕೇಳಿದಳು.

"ಎಲ್ಲಿಗಿ ಹೊಂಟೀಯೋ ಚೂನಪ್ಪಾ?"

"ಮನಿಗೆ ಯವ್ವಾ. ಹಸಿವಾಗೇತಿ."

ಆ ದನಿ ಕೇಳಿದ ಮೇಲೆ ಎರಡನೆಯ ಮನೆಯವರು ಕೇಳಿದರು, ಮೂರನೆಯ ಮನೆಯವರು ಕೇಳಿದರು. ಓಣಿಯ ಕೊನೆಯವರೆಗೂ ಕೇಳಿದರು. ಪ್ರತಿ ಮನೆಗೂ ಅವನು ಅದೇ ಉತ್ತರ ಕೊಟ್ಟ.

ಆಮೇಲೆ ಅವನು ಎಷ್ಟೋ ವರ್ಷ ಆ ಗಾಡಿಯಲ್ಲಿ ಅಗಸಿಯಿಂದಲೇ ಓಡಾಡಿದ. ಬ್ಯಾಟರಿ ಇಲ್ಲದೆಯೂ ಓಡುತ್ತಿತ್ತು ಅಂತಾರೆ, ಅದನ್ನು ಬಿಡಿ. ಆದರೆ ನೂಲಹಾಳದಲ್ಲಿ ಇವತ್ತಿಗೂ ರೋಹಿಣಿ ಮಳೆ ಬಿದ್ದ ಮಾರನೆಯ ದಿನ ಮಗ್ಗ ಓಡುವುದಿಲ್ಲ. ಊರಲ್ಲಿ ಯಾರು ಯಾರು ಹಾಸಿಗೆ ಹಿಡಿದಿದ್ದಾರೋ, ಯಾರನ್ನು ಜನ ವರ್ಷದಿಂದ ನೋಡಿಲ್ಲವೋ, ಅವರನ್ನು ಮಂಚದ ಸಮೇತ ಹೊತ್ತು, ಕಾಲು ಮುಂದೆ ಮಾಡಿ, ದೊಡ್ಡ ಓಣಿಯಲ್ಲಿ ಒಯ್ಯುತ್ತಾರೆ. ಪ್ರತಿ ಮನೆಯವರೂ ಹೊಸ್ತಿಲಿಗೆ ಬಂದು, ಹೆಸರು ಹಿಡಿದು, ಎಲ್ಲಿಗೆ ಹೊರಟೆ ಎಂದು ಕೇಳುತ್ತಾರೆ. ಕೆಲವರಿಗೆ ಮಾತು ಬರಲು ಬಹಳ ಹೊತ್ತು ಹಿಡಿಯುತ್ತದೆ. ಉತ್ತರ ಬರುವವರೆಗೆ ಹೊತ್ತವರು ಹೆಜ್ಜೆ ಮುಂದಿಡುವಂತಿಲ್ಲ.