ಸಂತನ ಹಬ್ಬದ ಚಾಟನಿ

"ಗುರುಗಳೇ, ಹಿರಿಯರು ಹಾಕಿಕೊಟ್ಟ ಗೆರೆಯನ್ನು ಕೂದಲೆಳೆಯಷ್ಟೂ ದಾಟದೆ ನಡೆಯುವುದೇ ಅವರಿಗೆ ಮಾಡುವ ಸೇವೆಯಲ್ಲವೇ?" ಎಂದು ನಿರ್ವಾಣಯ್ಯ ಕೇಳಿದ. ಅವನು ಬೆಟ್ಟದ ಮೇಲಿನ ಮಠದಲ್ಲಿ ಬೆಳೆದು, ಹೊಸದಾಗಿ ಬಯಲುಸೀಮೆಯ ಈ ಮಠಕ್ಕೆ ಬಂದವನು. ಅಲ್ಲಿನ ಹಳೆಯ ಗುರುಗಳ ಹಾಗೆಯೇ ಕಂಬಳಿ ಹೊದ್ದು ಕುಳಿತಿದ್ದ. ಹೊತ್ತು ನಡುಹಗಲು.

ಗುರುಗಳು ಅವನನ್ನೊಮ್ಮೆ ನೋಡಿ ಕತೆ ಹೇಳಿದರು.

ಇಟಲಿ ದೇಶದಲ್ಲೊಬ್ಬ ದ್ರಾಕ್ಷಿ ಬೆಳೆಗಾರ. ಇದ್ದ ತುಂಡು ತೋಟವನ್ನು ಮಾರಿ, ಮಗ ಸೊಸೆಯರನ್ನು ಕರೆದುಕೊಂಡು ಹಡಗು ಹತ್ತಿ, ಭೂಮಿಯ ತೆಂಕಣ ಕಡೆಗಿರುವ ಅರ್ಜೆಂಟೀನಾಕ್ಕೆ ಹೋದ. ಅಪ್ಪನ ಉಣ್ಣೆ ಕೋಟು, ಅಪ್ಪನ ಕತ್ತರಿ, ಒದ್ದೆ ಬಟ್ಟೆಯಲ್ಲಿ ಸುತ್ತಿದ ಅಪ್ಪನ ಬಳ್ಳಿಯ ಕಡ್ಡಿ, ಇಷ್ಟೇ ಅವನ ಗಂಟು. ದಾರಿಯುದ್ದಕ್ಕೂ ತಾನು ಬಾಯಾರಿಕೊಂಡು ಕಡ್ಡಿಗೆ ನೀರು ಕುಡಿಸಿದ. ಅತ್ತ ತೋಟ ಕೊಂಡವನು ಬಳ್ಳಿಯನ್ನೆಲ್ಲ ಕಿತ್ತು ಗೋಧಿ ಬಿತ್ತಿದ. ಆ ತಳಿ ಉಳಿದದ್ದು ಇವನ ಕೈಯಲ್ಲಿ ಮಾತ್ರ.

ಅಪ್ಪ ಸಾಯುವಾಗ ಒಂದು ಮಾತು ಹೇಳಿದ್ದ: "ಜನವರಿಯಲ್ಲಿ ನಮ್ಮ ಸಂತನ ಹಬ್ಬದ ದಿನ, ಈ ಕೋಟು ತೊಟ್ಟು ಚಾಟನಿ ಮಾಡು. ಕವಲು ಕತ್ತರಿಸಿ ಬಳ್ಳಿಯನ್ನು ಬೋಳು ಮಾಡು. ಆ ದಿನ ತಪ್ಪಿದರೆ ನಮ್ಮ ದ್ರಾಕ್ಷಿ ಮುಗಿಯಿತೆಂದೇ ತಿಳಿ."

ತೆಂಕಣದಲ್ಲಿ ಕಾಲ ತಿರುವುಮುರುವು. ಇಟಲಿಯಲ್ಲಿ ಮಂಜು ಸುರಿದು ಬಳ್ಳಿ ಮಲಗಿರುವ ಜನವರಿ, ಅಲ್ಲಿ ಸುಡುಬೇಸಿಗೆ. ಆದರೂ ಬೆಳೆಗಾರ ಎರಡು ವರ್ಷ ಅದೇ ದಿನ ಕತ್ತರಿ ಹಾಕಿದ. ಎಳೆ ಬಳ್ಳಿ ಸೊರಗಿತು. ಅವನು ನೆಲವನ್ನು ಬೈದ.

ಮೂರನೆಯ ವರ್ಷ ಬಳ್ಳಿ ಗೊಂಚಲು ಬಿಟ್ಟಿತು! ಮನೆಗೆ ಮನೆಯೇ ಕುಣಿಯಿತು. ಬೆಳೆಗಾರ ಉಣ್ಣುವುದನ್ನು ಮರೆತು ಚಪ್ಪರದ ಕೆಳಗೇ ಓಡಾಡಿದ. ಒಂದೊಂದು ಗೊಂಚಲನ್ನೂ ಕೂಸಿನ ಗಲ್ಲದಂತೆ ಮುಟ್ಟಿದ. ಕಾಯಿ ಬಣ್ಣಕ್ಕೆ ತಿರುಗುವ ಹೊತ್ತಿಗೆ ಹಬ್ಬ ಬಂತು. ಆದರೂ ಕೋಟು ತೊಟ್ಟು, ಕತ್ತರಿ ಹಿಡಿದು ಹೊರಟ.

ಸೊಸೆ ಓಡಿ ಬಂದು ಅಡ್ಡ ನಿಂತಳು. "ಮಾವಾ, ಮೊದಲು ನನ್ನ ಜಡೆ ಕತ್ತರಿಸಿ, ಆಮೇಲೆ ಬಳ್ಳಿ!"

"ಆಚೆ ಸರಿ ತಾಯಿ. ನನಗೇನು ಕರುಳಿಲ್ಲವೇ? ಅಪ್ಪನ ಮಾತು."

"ನಿಮ್ಮಪ್ಪ ಈ ಕೋಟು ಯಾಕೆ ತೊಡುತ್ತಿದ್ದರು?"

"ಯಾಕೆಂದರೆ? ಚಳಿಗೆ!"

"ಮತ್ತೆ ನೀವು?"

ಬೆಳೆಗಾರನ ಮೂಗಿನ ತುದಿಯ ಬೆವರು ಗೊಂಚಲಿನ ಮೇಲೆ ತೊಟ್ಟಿಕ್ಕಿತು. ಕೋಟು ನೋಡಿದ, ಕಾಯಿ ನೋಡಿದ. ನಗು ಉಕ್ಕಿ ಬಂತು. ಕೋಟು ಬಿಚ್ಚಿ ಚಪ್ಪರದ ಕಂಬಕ್ಕೆ ತೂಗುಹಾಕಿ, ನಕ್ಕೂ ನಕ್ಕೂ ನೆಲದ ಮೇಲೆ ಕುಳಿತುಬಿಟ್ಟ.

ಆ ವರ್ಷ ಬುಟ್ಟಿಗಳು ತುಂಬಿದವು. ಸಮುದ್ರ ದಾಟಿ ಬಂದ ಅಪ್ಪನ ದ್ರಾಕ್ಷಿಯ ರುಚಿ ಮೊಮ್ಮಕ್ಕಳ ನಾಲಿಗೆಗೂ ಹತ್ತಿತು. ಜುಲೈ ಹೊತ್ತಿಗೆ ಬಳ್ಳಿ ಎಲೆಯುದುರಿಸಿ ಮಲಗಿತು. ಹಲ್ಲು ಕಟಕಟ ಎನ್ನುವ ಒಂದು ಬೆಳಗ್ಗೆ ಬೆಳೆಗಾರ ಕೋಟು ತೊಟ್ಟು, "ಅಪ್ಪಾ, ಇವತ್ತು ನಿನ್ನ ದಿನ" ಎಂದು ಚಾಟನಿಗೆ ಇಳಿದ.

ಗುರುಗಳು ಕತೆ ನಿಲ್ಲಿಸಿದರು.

"ಆದರೂ ಅಪ್ಪ ಹೇಳಿದ ದಿನ ತಪ್ಪಿತಲ್ಲ?" ಎನ್ನುತ್ತ ನಿರ್ವಾಣಯ್ಯ ಕಂಬಳಿಯ ಅಂಚಿನಿಂದ ಹಣೆ ಒರೆಸಿಕೊಂಡ.

ಗುರುಗಳು ಕೇಳಿದರು: "ಸೆಖೆಯಾಗುತ್ತಿಲ್ಲವೇನಯ್ಯಾ?"